ನದಿಯಿಂದ ನದಿಗೆ: ಫಿಲಡೆಲ್ಫಿಯ ನಗರದ ದರ್ಶನ

ಅಮೆರಿಕಾ ಎಂದೊಡನೆ ನಮ್ಮಲ್ಲಿ ಬಹುಮಂದಿಯ ಮನಸ್ಸು ನ್ಯೂಯಾರ್ಕಿನ ಮುಗಿಲುಮುಟ್ಟುವ ಸೌಧಗಳ ಕಡೆಗೆ ಹಾರುತ್ತದೆ. ರಾಜಕಾರಣದಲ್ಲಿ ಆಸಕ್ತಿಯುಳ್ಳವರ ಮನಸ್ಸು ವಾಷಿಂಗ್ಟನ್ನಿಗೆ ಹೋಗುತ್ತದೆ. ಈ ಎರಡು ಊರುಗಳ ನಡುವೆ, ರೈಲಿನಲ್ಲಿ ಹೋಗುವವರು ಕಿಟಕಿಯಿಂದ ಒಮ್ಮೆ ನೋಡಿ ಮರೆತುಬಿಡುವ ಹಳೆಯ ಊರೊಂದುಂಟು. ಅದರ ಹೆಸರು ಫಿಲಡೆಲ್ಫಿಯ. ಗ್ರೀಕ್ ಭಾಷೆಯಲ್ಲಿ ಈ ಮಾತಿಗೆ ಸೋದರಪ್ರೇಮ ಎಂದು ಅರ್ಥ. ಅಮೆರಿಕಾ ಎಂಬ ರಾಷ್ಟ್ರವು ಹುಟ್ಟಿದ್ದು ಆ ಊರಿನಲ್ಲಿ. ಈ ದಿನ ಕೇಳುಗರನ್ನು ಅಲ್ಲಿಗೆ ಕರೆದುಕೊಂಡು ಹೋಗಿ, ನೋಡಲೇಬೇಕಾದ ಸ್ಥಳಗಳನ್ನು ಒಂದೊಂದಾಗಿ ತೋರಿಸಬೇಕೆಂಬುದು ನಮ್ಮ ಉದ್ದೇಶ.

ಹೊರಡುವುದಕ್ಕೆ ಮುಂಚೆ ಒಂದು ವಿಷಯವನ್ನು ಒಪ್ಪಿಕೊಂಡುಬಿಡುತ್ತೇವೆ. ನಾವು ಬಹುಕಾಲದಿಂದ ಕಾಲೇಜಿನಲ್ಲಿ ಪಾಠ ಹೇಳುತ್ತಿರುವವರು. ಅಮೆರಿಕಾದ ಸ್ವಾತಂತ್ರ್ಯ ಘೋಷಣೆಯನ್ನು ವರ್ಷವರ್ಷವೂ ತರಗತಿಯಲ್ಲಿ ಓದಿಸಿದ್ದೇವೆ. ಮನುಷ್ಯರೆಲ್ಲರೂ ಸಮಾನರೆಂಬ ಅದರ ಮಾತು ಬಂದಾಗ ಧ್ವನಿಯನ್ನು ಸ್ವಲ್ಪ ಏರಿಸಿಯೂ ಇದ್ದೇವೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದುನಿಂತು, “ಸಾರ್, ಎಲ್ಲರೂ ಎಂದರೆ ಯಾರು ಯಾರು?” ಎಂದು ಕೇಳಿದನು. ತರಗತಿ ನಕ್ಕಿತು. ನಾವೂ ನಕ್ಕು, ಪಾಠ ಮುಂದೆ ಸಾಗಬೇಕಾಗಿದೆಯೆಂದು ಹೇಳಿ ಅವನನ್ನು ಕೂರಿಸಿದೆವು. ಹುಡುಗನು ಕುಳಿತನು, ಅವನ ಪ್ರಶ್ನೆ ಮಾತ್ರ ಕುಳಿತುಕೊಳ್ಳಲಿಲ್ಲ. ಮುಂದೆ ಫಿಲಡೆಲ್ಫಿಯ ನಗರದ ಬೀದಿಗಳಲ್ಲಿ ತಿರುಗಾಡುವ ಸುಯೋಗ ನಮಗೆ ಒದಗಿದಾಗ, ಅದು ನಮ್ಮ ಜೊತೆಯಲ್ಲಿಯೇ ನಡೆದು ಬಂದಿತು.

ಊರಿನ ಹುಟ್ಟನ್ನು ಮೊದಲು ಹೇಳಬೇಕು. ಇಂಗ್ಲೆಂಡಿನ ದೊರೆ ಎರಡನೆಯ ಚಾರಲ್ಸನು ತನ್ನ ನೌಕಾಧಿಪತಿಯೊಬ್ಬನಿಗೆ ಸಾಲಗಾರನಾಗಿದ್ದನು. ೧೬೮೧ರಲ್ಲಿ, ಆ ಸಾಲಕ್ಕೆ ಬದಲಾಗಿ, ನೌಕಾಧಿಪತಿಯ ಮಗನಿಗೆ ಅಮೆರಿಕಾದಲ್ಲಿ ಒಂದು ಸೀಮೆಯನ್ನೇ ಬರೆದುಕೊಟ್ಟನು. ಮಗನ ಹೆಸರು ವಿಲಿಯಂ ಪೆನ್. ಅವನು ಕ್ವೇಕರ್ ಪಂಥದವನು. ಆ ಪಂಥದವರು ಯುದ್ಧವನ್ನು ಒಪ್ಪರು, ಆಣೆಯಿಡರು, ದೊರೆಯ ಮುಂದೆಯೂ ಟೋಪಿ ತೆಗೆಯರು. ಇಂಗ್ಲೆಂಡಿನಲ್ಲಿ ಇದಕ್ಕಾಗಿ ಸೆರೆಮನೆ ಸೇರಿದವರು ಅನೇಕರು, ಪೆನ್ನನೂ ಸೇರಿದ್ದನು. ಆದುದರಿಂದ ತನ್ನ ಸೀಮೆಯಲ್ಲಿ ಮತದ ಕಾರಣದಿಂದ ಯಾರಿಗೂ ಹಿಂಸೆಯಾಗಬಾರದೆಂದು ಅವನು ಸಂಕಲ್ಪಮಾಡಿದನು. ಪೂರ್ವದಲ್ಲಿ ಡೆಲವೇರ್, ಪಶ್ಚಿಮದಲ್ಲಿ ಸ್ಕೂಲ್‌ಕಿಲ್: ಈ ಎರಡು ನದಿಗಳ ನಡುವಣ ಸುಮಾರು ಎರಡು ಮೈಲಿ ನೆಲವನ್ನು ಆರಿಸಿ, ಥಾಮಸ್ ಹೋಮ್ ಎಂಬ ಭೂಮಾಪಕನಿಂದ ನಗರದ ನಕ್ಷೆಯನ್ನು ಬರೆಸಿದನು. ಲಂಡನ್ನಿನಲ್ಲಿ ೧೬೬೫ರ ಮಹಾಮಾರಿಯನ್ನೂ ೧೬೬೬ರ ಮಹಾಗ್ನಿಯನ್ನೂ ಅರಿತಿದ್ದವನಾದ್ದರಿಂದ ಇಕ್ಕಟ್ಟಿನ ಗಲ್ಲಿಗಳು ಅವನಿಗೆ ಬೇಡವಾಗಿದ್ದವು. ಚದುರಂಗದ ಮಣೆಯಂತೆ ನೇರವಾದ, ಅಗಲವಾದ ಬೀದಿಗಳು, ಉಸಿರಾಡುವುದಕ್ಕೆ ಐದು ಚೌಕಗಳು, ಮನೆಮನೆಗೂ ತೋಟ. ಉತ್ತರ ದಕ್ಷಿಣವಾಗಿ ಹೋಗುವ ಬೀದಿಗಳಿಗೆ ಅಂಕಿಗಳ ಹೆಸರು. ಅಡ್ಡಬೀದಿಗಳಲ್ಲಿ ಹಲವಕ್ಕೆ ಚೆಸ್ಟ್‌ನಟ್, ವಾಲ್‌ನಟ್, ಸ್ಪ್ರೂಸ್, ಪೈನ್ ಎಂದು ಮರಗಳ ಹೆಸರು. ಹೊಸಬನು ಇಲ್ಲಿ ದಾರಿ ತಪ್ಪಬೇಕೆಂದರೂ ತಪ್ಪುವುದು ಕಷ್ಟ. ಬೆಳಗ್ಗೆ ಡೆಲವೇರಿನ ದಡದಲ್ಲಿ ಹೊರಟು, ಸಂಜೆಗೆ ಸ್ಕೂಲ್‌ಕಿಲ್ ನದಿಯನ್ನು ಸೇರುವುದೇ ಊರನ್ನು ನೋಡುವ ಒಳ್ಳೆಯ ಕ್ರಮ.

ಡೆಲವೇರಿನ ದಡದಲ್ಲಿ ಮೈಸೂರಿನವರಾದ ನಾವು ಒಂದು ನಿಮಿಷ ನಿಲ್ಲಲೇಬೇಕು. ಅಮೆರಿಕಾದವರು ಇಂಗ್ಲಿಷರೊಡನೆ ಹೋರಾಡುತ್ತಿದ್ದ ಕಾಲದಲ್ಲಿ, ಫಿಲಡೆಲ್ಫಿಯದ ವ್ಯಾಪಾರದ ಹಡಗುಗಳನ್ನು ನದೀಮುಖದಲ್ಲಿ ಶತ್ರುಗಳು ಸುಲಿಯುತ್ತಿದ್ದರು. ಅವುಗಳ ರಕ್ಷಣೆಗಾಗಿ ಊರಿನವರು ೧೭೮೨ರಲ್ಲಿ ಒಂದು ಹಡಗನ್ನು ಸಜ್ಜುಗೊಳಿಸಿದರು. ಅದರ ಹೆಸರೇನು ಬಲ್ಲಿರಾ? ‘ಹೈದರ್ ಆಲಿ’! ೧೭೮೦ರಲ್ಲಿ ಪೊಳ್ಳಿಲೂರಿನ ಬಳಿ ಕರ್ನಲ್ ಬೇಲಿಯ ಸೈನ್ಯವನ್ನು ಮುರಿದ ನಮ್ಮ ನವಾಬ ಹೈದರಾಲಿಯ ಕೀರ್ತಿ ಅಷ್ಟು ದೂರಕ್ಕೆ ಹಬ್ಬಿತ್ತು. ಶತ್ರುವಿನ ಶತ್ರು ಅವರಿಗೆ ಮಿತ್ರನೆನಿಸಿದ್ದನು. ಆ ವರ್ಷ ಏಪ್ರಿಲ್ ೮ರಂದು ಡೆಲವೇರ್ ಕೊಲ್ಲಿಯಲ್ಲಿ ಜೋಷುವಾ ಬಾರ್ನಿ ಎಂಬ ತರುಣ ನಾಯಕನು ಆ ಸಣ್ಣ ಹಡಗಿನಿಂದ, ತನಗಿಂತ ಬಲವಾದ ‘ಜನರಲ್ ಮಂಕ್’ ಎಂಬ ಇಂಗ್ಲಿಷ್ ಯುದ್ಧನೌಕೆಯನ್ನು ಅರ್ಧ ಗಂಟೆಯೊಳಗಾಗಿ ಸೋಲಿಸಿ ಸೆರೆಹಿಡಿದನು. ಚುಕ್ಕಾಣಿ ಹಿಡಿದವನಿಗೆ ‘ನಾನು ಕೂಗಿ ಹೇಳುವುದಕ್ಕೆ ವಿರುದ್ಧವಾಗಿ ತಿರುಗಿಸು’ ಎಂದು ಮೊದಲೇ ಗುಟ್ಟಾಗಿ ತಿಳಿಸಿದ್ದನಂತೆ. ಶತ್ರು ಆ ಕೂಗನ್ನು ನಂಬಿ ಕೆಟ್ಟನು. ಹೈದರಾಲಿಯು ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡನು. ಭೂಮಿಯ ಇನ್ನೊಂದು ಬದಿಯ ನೀರಿನಲ್ಲಿ ಅವನ ಹೆಸರು ಗೆದ್ದ ಈ ಕದನವನ್ನು ನಮ್ಮ ಶಾಲೆಯ ಪುಸ್ತಕಗಳಲ್ಲಿ ನಾವು ಓದಿದ ನೆನಪಿಲ್ಲ.

ನದಿಯ ದಡದಿಂದ ಸ್ವಲ್ಪ ದೂರದಲ್ಲಿ ಎಲ್ಫ್ರೆತ್ಸ್ ಆಲಿ ಎಂಬ ಸಣ್ಣ ಬೀದಿಯಿದೆ. ಕಲ್ಲು ಹಾಸಿದ ದಾರಿ. ಎರಡು ಕಡೆಯೂ ಮೂವತ್ತೆರಡು ಇಟ್ಟಿಗೆಯ ಮನೆಗಳು. ಎಲ್ಲವೂ ಹದಿನೆಂಟನೆಯ ಶತಮಾನದಲ್ಲಿ ಮತ್ತು ಅದರ ಮುಂದಿನ ಕೆಲವು ದಶಕಗಳಲ್ಲಿ ಕಟ್ಟಿದವು. ಕಮ್ಮಾರರು, ಬಡಗಿಗಳು, ಹಡಗಿನ ಕೆಲಸಗಾರರು, ಬಟ್ಟೆ ಹೊಲಿಯುವ ಹೆಂಗಸರು ವಾಸವಾಗಿದ್ದ ಬೀದಿ ಇದು. ಇಲ್ಲಿಯ ಮನೆಗಳಲ್ಲಿ ಜನರ ವಾಸ ನಿಂತದ್ದೇ ಇಲ್ಲವೆಂದು ಊರಿನವರಿಗೆ ಹೆಮ್ಮೆ. ದೊಡ್ಡವರ ಮನೆಗಳು ಎಲ್ಲ ಊರುಗಳಲ್ಲಿಯೂ ಉಳಿಯುತ್ತವೆ. ಕೈಕೆಲಸದವರ ಬೀದಿಯೊಂದು ಉಳಿದಿರುವುದು ಅಪರೂಪ. ಹತ್ತಿರದಲ್ಲಿಯೇ ಬೆಟ್ಸಿ ರಾಸ್ ಎಂಬಾಕೆಯ ಮನೆಯೆಂದು ತೋರಿಸುತ್ತಾರೆ. ಅಮೆರಿಕಾದ ಮೊದಲನೆಯ ಬಾವುಟವನ್ನು ಹೊಲಿದವಳು ಆಕೆಯೆಂಬ ಕಥೆಯನ್ನು ೧೮೭೦ರಲ್ಲಿ ಪ್ರಚಾರಕ್ಕೆ ತಂದವನು ಆಕೆಯ ಮೊಮ್ಮಗನು. ಬಾವುಟ ಹೊಲಿಯುವುದು ಆಕೆಯ ವೃತ್ತಿಯಾಗಿದ್ದುದು ನಿಜ; ಉಳಿದದ್ದನ್ನು ಅಜ್ಜಿಯ ಮೇಲಣ ಪ್ರೀತಿಯ ಲೆಕ್ಕಕ್ಕೆ ಸೇರಿಸಬಹುದು.

ಇನ್ನು ಈ ಊರಿನ ಹಿರಿಯಣ್ಣನನ್ನು ನೋಡೋಣ. ಬೆಂಜಮಿನ್ ಫ್ರಾಂಕ್ಲಿನ್ ಹದಿನೇಳು ವರ್ಷದ ಹುಡುಗನಾಗಿ, ೧೭೨೩ರಲ್ಲಿ, ಬಾಸ್ಟನ್ನಿನಲ್ಲಿ ಅಣ್ಣನ ಅಚ್ಚುಕೂಟವನ್ನು ಬಿಟ್ಟು ಓಡಿಬಂದು ಮಾರ್ಕೆಟ್ ಬೀದಿಯ ಕಟ್ಟೆಯಲ್ಲಿ ಇಳಿದನು. ಮೂರು ಕಾಸಿಗೆ ಮೂರು ದಪ್ಪ ರೊಟ್ಟಿಗಳು ಸಿಕ್ಕಿದವು. ಒಂದನ್ನು ತಿಂದು, ಉಳಿದೆರಡನ್ನು ದೋಣಿಯಲ್ಲಿ ಜೊತೆಗೆ ಬಂದಿದ್ದ ತಾಯಿಗೂ ಮಗುವಿಗೂ ಕೊಟ್ಟನು. ಈ ಹುಡುಗನೇ ಮುಂದೆ ೧೭೩೧ರಲ್ಲಿ ಚಂದಾದಾರರ ಪುಸ್ತಕ ಭಂಡಾರವನ್ನೂ, ೧೭೪೩ರಲ್ಲಿ ವಿದ್ವತ್ಸಭೆಯನ್ನೂ, ೧೭೫೧ರಲ್ಲಿ ಡಾಕ್ಟರ್ ಥಾಮಸ್ ಬಾಂಡ್ ಎಂಬವರೊಡನೆ ಸೇರಿ ಆಸ್ಪತ್ರೆಯನ್ನೂ ಸ್ಥಾಪಿಸಿದವನು. ಅವನ ಮನೆಯನ್ನು ೧೮೧೨ರಲ್ಲಿ ಕೆಡವಿಬಿಟ್ಟರು. ಮನೆ ಹೇಗಿತ್ತೆಂದು ಖಚಿತವಾಗಿ ತೋರಿಸುವ ಚಿತ್ರವಿಲ್ಲದುದರಿಂದ, ೧೯೭೬ರಲ್ಲಿ ಆ ಜಾಗದಲ್ಲಿ ಮನೆಯ ಹೊರ ಆಕಾರವನ್ನು ಮಾತ್ರ ಉಕ್ಕಿನ ತೊಲೆಗಳಿಂದ ನಿಲ್ಲಿಸಿದರು. ಗೋಡೆಯಿಲ್ಲ, ಸೂರಿಲ್ಲ, ಮನೆಯ ನೆರಳಷ್ಟೆ. ತಿಳಿಯದುದನ್ನು ಕಲ್ಪಿಸಿ ಕಟ್ಟದ ಈ ಸಂಯಮ ನಮಗೆ ಬಹಳ ಹಿಡಿಸಿತು. ಅವನ ಸಮಾಧಿ ಐದನೆಯ ಬೀದಿಯಲ್ಲಿ ಕ್ರೈಸ್ಟ್ ಚರ್ಚಿನ ಶ್ಮಶಾನದಲ್ಲಿದೆ. ಉಳಿತಾಯವನ್ನು ಬೋಧಿಸಿದ ಈ ಪುಣ್ಯಾತ್ಮನ ಗೋರಿಯ ಮೇಲೆ ನೋಡುವವರು ಕಾಸುಗಳನ್ನು ಎಸೆದು ಹೋಗುತ್ತಾರೆ!

ಫ್ರಾಂಕ್ಲಿನ್ನನ ವಿಷಯದಲ್ಲಿ ಇನ್ನೊಂದು ಸಂಗತಿಯುಂಟು. ಅವನು ಗುಲಾಮರನ್ನು ಇಟ್ಟುಕೊಂಡಿದ್ದವನು; ತನ್ನ ಪತ್ರಿಕೆಯಲ್ಲಿ ಗುಲಾಮರ ಮಾರಾಟದ ಪ್ರಕಟಣೆಗಳನ್ನು ಅಚ್ಚುಹಾಕಿದವನು. ವಯಸ್ಸಾದ ಮೇಲೆ ಅವನ ಬುದ್ಧಿ ತಿರುಗಿತು. ೧೭೮೭ರಲ್ಲಿ ಗುಲಾಮಗಿರಿಯ ವಿರುದ್ಧ ಏರ್ಪಟ್ಟಿದ್ದ ಸಂಘದ ಅಧ್ಯಕ್ಷನಾದನು. ೧೭೯೦ರ ಫೆಬ್ರವರಿಯಲ್ಲಿ, ಗುಲಾಮಗಿರಿಯನ್ನು ನಿಲ್ಲಿಸಬೇಕೆಂಬ ಸಂಘದ ಅರ್ಜಿಗೆ ಸಹಿಹಾಕಿ ಕಾಂಗ್ರೆಸ್ಸಿಗೆ ಕಳುಹಿಸಿದನು, ಏಪ್ರಿಲಿನಲ್ಲಿ ತೀರಿಕೊಂಡನು. ಎಂಬತ್ತು ದಾಟಿದ ಮೇಲೂ ಮನುಷ್ಯನು ತನ್ನ ತಪ್ಪನ್ನು ತಿದ್ದಿಕೊಳ್ಳಬಹುದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ಈಗ ಊರಿನ ಹೃದಯಕ್ಕೆ ಬಂದೆವು. ಚೆಸ್ಟ್‌ನಟ್ ಬೀದಿಯಲ್ಲಿ ಕೆಂಪಿಟ್ಟಿಗೆಯ ಗೋಡೆ, ಬಿಳಿಯ ಕಿಟಕಿಗಳು, ಮೇಲೆ ಒಂದು ಗೋಪುರ: ಇದೇ ಇಂಡಿಪೆಂಡೆನ್ಸ್ ಹಾಲ್, ಸ್ವಾತಂತ್ರ್ಯ ಮಂದಿರ. ೧೭೩೨ರಲ್ಲಿ ಪ್ರಾಂತದ ಶಾಸನ ಸಭೆಗಾಗಿ ಇದನ್ನು ಕಟ್ಟಲು ತೊಡಗಿದರು. ನೋಡುವವನಿಗೆ ಮೊದಲು ತೋರುವುದು ಆಶ್ಚರ್ಯ: ಇಷ್ಟೇ ಚಿಕ್ಕದೆ! ಸಭೆಯ ಕೊಠಡಿ ನಮ್ಮ ಕಾಲೇಜಿನ ದೊಡ್ಡ ತರಗತಿಗಿಂತ ಬಹಳ ಹಿರಿದೇನೂ ಅಲ್ಲ. ಹಸುರು ಬಟ್ಟೆ ಹಾಸಿದ ಮೇಜುಗಳು, ಮರದ ಕುರ್ಚಿಗಳು, ಹಂಸದ ಗರಿಯ ಲೇಖನಿಗಳು. ೧೭೭೬ರ ಜುಲೈ ೪ರಂದು ಸ್ವಾತಂತ್ರ್ಯ ಘೋಷಣೆಯನ್ನು ಅಂಗೀಕರಿಸಿದ್ದು ಈ ಕೊಠಡಿಯಲ್ಲಿ. ಜುಲೈ ೮ರಂದು ಹಿಂದಿನ ಅಂಗಳದಲ್ಲಿ ಜಾನ್ ನಿಕ್ಸನ್ ಎಂಬವನು ಅದನ್ನು ಜನರಿಗೆ ಓದಿ ಹೇಳಿದನು. ೧೭೮೭ರಲ್ಲಿ ಬೇಸಗೆಯ ಸೆಖೆಯಲ್ಲಿ, ಕಿಟಕಿ ಬಾಗಿಲುಗಳನ್ನು ಮುಚ್ಚಿಕೊಂಡು ಐವತ್ತೈದು ಮಂದಿ ಪ್ರತಿನಿಧಿಗಳು ರಾಜ್ಯಾಂಗವನ್ನು ರಚಿಸಿದ್ದೂ ಇಲ್ಲಿಯೇ. ಕೊನೆಗೆ ಸಹಿಹಾಕಿದವರು ಮೂವತ್ತೊಂಬತ್ತು ಮಂದಿ. ಅಧ್ಯಕ್ಷನಾಗಿದ್ದ ವಾಷಿಂಗ್ಟನ್ನನ ಕುರ್ಚಿ ಇನ್ನೂ ಇದೆ. ಅದರ ಬೆನ್ನಿನ ಮೇಲೆ ಅರ್ಧ ಸೂರ್ಯನನ್ನು ಕೆತ್ತಿದ್ದಾರೆ. ಅದು ಉದಯದ ಸೂರ್ಯನೋ ಅಸ್ತಮಯದ ಸೂರ್ಯನೋ ಎಂದು ಸಭೆಯುದ್ದಕ್ಕೂ ಸಂದೇಹಪಡುತ್ತಿದ್ದ ಮುದುಕ ಫ್ರಾಂಕ್ಲಿನ್ನನು, ಸಹಿ ಬಿದ್ದ ದಿನ ಅದು ಉದಯದ್ದೇ ಎಂದು ಸಂತೋಷಪಟ್ಟನು. ೧೯೭೯ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಕಟ್ಟಡವನ್ನು ಜಗತ್ತಿನ ಪರಂಪರೆಯ ಪಟ್ಟಿಗೆ ಸೇರಿಸಿತು.

ನಮ್ಮ ಜೊತೆಗಾರ ಪ್ರಶ್ನೆಯು ಇಲ್ಲಿ ತೋಳು ಹಿಡಿದು ಎಳೆಯಿತು. ಘೋಷಣೆಯ ಕರಡನ್ನು ಜೆಫರ್‌ಸನ್ ಬರೆದದ್ದು ಎರಡು ಬೀದಿಗಳಾಚೆ, ಏಳನೆಯ ಬೀದಿಯ ಮೂಲೆಯ ಬಾಡಿಗೆ ಕೊಠಡಿಯಲ್ಲಿ. ಅವನಿಗೆ ಆಗ ಸೇವೆ ಮಾಡುತ್ತಿದ್ದವನು ಹದಿನಾಲ್ಕು ವರ್ಷದ ಗುಲಾಮ ಹುಡುಗ, ರಾಬರ್ಟ್ ಹೆಮಿಂಗ್ಸ್. ಗುಲಾಮರ ವ್ಯಾಪಾರಕ್ಕಾಗಿ ಇಂಗ್ಲೆಂಡಿನ ದೊರೆಯನ್ನು ನಿಂದಿಸುವ ಒಂದು ಭಾಗವನ್ನು ಜೆಫರ್‌ಸನ್ ಕರಡಿನಲ್ಲಿ ಬರೆದಿದ್ದನು. ಸಭೆಯು ಅದನ್ನು ಹೊಡೆದುಹಾಕಿತು. ರಾಜ್ಯಾಂಗವನ್ನು ಬರೆದವರು ಗುಲಾಮನೆಂಬ ಶಬ್ದವನ್ನೇ ಬಳಸಲಿಲ್ಲ. ಆದರೆ ಪ್ರತಿನಿಧಿಗಳ ಲೆಕ್ಕಕ್ಕೆ ಅಂಥವರು ಐವರಿದ್ದರೆ ಮೂವರೆಂದು ಎಣಿಸತಕ್ಕದ್ದೆಂದು ಬರೆದರು. ಯಾವ ಕೊಠಡಿಯಲ್ಲಿ ಆ ದೊಡ್ಡ ಮಾತು ಹುಟ್ಟಿತೋ ಅದೇ ಕೊಠಡಿಯಲ್ಲಿ ಈ ಲೆಕ್ಕವೂ ಹುಟ್ಟಿತು. ಎರಡನ್ನೂ ನೆನೆಯದೆ ಅಲ್ಲಿಂದ ಹೊರಬಂದವನು ಅರ್ಧವನ್ನು ಮಾತ್ರ ಕಂಡಂತಾಯಿತು.

ಬೀದಿಯ ಆಚೆಗೆ ಗಾಜಿನ ಮಂಟಪದಲ್ಲಿ ಸ್ವಾತಂತ್ರ್ಯದ ಗಂಟೆಯಿದೆ. ಇದರ ಚರಿತ್ರೆ ಸ್ವಾರಸ್ಯವಾದುದು. ೧೭೫೧ರಲ್ಲಿ ಶಾಸನ ಸಭೆಯವರು ತಮ್ಮ ಗೋಪುರಕ್ಕಾಗಿ ಲಂಡನ್ನಿನಿಂದ ಇದನ್ನು ತರಿಸಿದರು. ೧೭೫೨ರಲ್ಲಿ ಬಂದಿಳಿದು, ಪರೀಕ್ಷೆಗೆಂದು ಬಾರಿಸಿದೊಡನೆಯೇ ಸೀಳಿತು. ಊರಿನ ಎರಕದವರಾದ ಪಾಸ್ ಮತ್ತು ಸ್ಟೌ ಎಂಬಿಬ್ಬರು ಕರಗಿಸಿ ಮತ್ತೆ ಎರಕ ಹೊಯ್ದರು, ನಾದ ಹಿಡಿಸಲಿಲ್ಲ, ಇನ್ನೊಮ್ಮೆ ಹೊಯ್ದರು. ತೂಕ ಸುಮಾರು ೨,೦೮೦ ಪೌಂಡು. ನಾಡಿನ ಸಮಸ್ತ ನಿವಾಸಿಗಳಿಗೂ ಬಿಡುಗಡೆಯನ್ನು ಸಾರಬೇಕೆಂಬರ್ಥದ ಬೈಬಲ್ಲಿನ ಒಂದು ವಚನವನ್ನು ಅದರ ಮೇಲೆ ಬರೆಸಿದ್ದರು. ೧೭೭೭ರಲ್ಲಿ ಇಂಗ್ಲಿಷರ ಸೇನೆ ಊರಿಗೆ ಬಂದಾಗ, ಗಂಟೆಯನ್ನು ಕರಗಿಸಿ ಗುಂಡು ಮಾಡಿಯಾರೆಂದು ಹೆದರಿ, ಅದನ್ನು ಅಲೆನ್‌ಟೌನ್ ಎಂಬ ಊರಿಗೆ ಸಾಗಿಸಿ ಚರ್ಚಿನಲ್ಲಿ ಬಚ್ಚಿಟ್ಟರು. ೧೮೪೬ರಲ್ಲಿ ವಾಷಿಂಗ್ಟನ್ನನ ಜನ್ಮದಿನದಂದು ಬಾರಿಸುವಾಗ ಬಿರುಕು ಮೇಲಕ್ಕೆ ಏರಿ, ಅಂದಿನಿಂದ ಅದು ಮೂಕವಾಯಿತು. ೧೭೭೬ರ ಜುಲೈ ೪ರಂದು ಮುದುಕನೊಬ್ಬನು ಇದನ್ನು ಬಾರಿಸಿ ಸ್ವಾತಂತ್ರ್ಯವನ್ನು ಸಾರಿದನೆಂದು ನಾವೆಲ್ಲರೂ ಬಾಲ್ಯದಲ್ಲಿ ಓದಿದ್ದೇವಷ್ಟೆ? ಅದು ಜಾರ್ಜ್ ಲಿಪ್ಪರ್ಡ್ ಎಂಬ ಲೇಖಕನು ೧೮೪೭ರಲ್ಲಿ ಹೆಣೆದ ಕಥೆ.

ಹಾಗಾದರೆ ಇದಕ್ಕೆ ಸ್ವಾತಂತ್ರ್ಯದ ಗಂಟೆಯೆಂಬ ಹೆಸರು ಬಂದದ್ದು ಯಾರಿಂದ? ರಾಷ್ಟ್ರವನ್ನು ಕಟ್ಟಿದವರಿಂದಲ್ಲ, ಅವರಿಗೆ ಇದು ಶಾಸನ ಸಭೆಯ ಗಂಟೆ, ಅಷ್ಟೆ. ೧೮೩೦ರ ದಶಕದಲ್ಲಿ ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದವರು ಆ ಮರೆತುಹೋದ ವಚನವನ್ನು ಓದಿ, ‘ಸಮಸ್ತರಿಗೂ ಎಂದು ಬರೆದಿರುವಿರಲ್ಲಾ, ನಮ್ಮ ಕರಿಯ ಸೋದರರು ಎಲ್ಲಿ?’ ಎಂದು ಕೇಳಿ, ಈ ಹೆಸರನ್ನು ಕೊಟ್ಟು, ಗಂಟೆಯ ಚಿತ್ರವನ್ನು ತಮ್ಮ ಪುಸ್ತಿಕೆಗಳ ಮೇಲೆ ಅಚ್ಚುಹಾಕಿದರು. ೧೯೧೫ರಲ್ಲಿ ಸ್ತ್ರೀಯರ ಮತಾಧಿಕಾರಕ್ಕಾಗಿ ಹೋರಾಡಿದ ಮಹಿಳೆಯರು ಇಂಥದೇ ಇನ್ನೊಂದು ಗಂಟೆಯನ್ನು, ಬಿರುಕಿಲ್ಲದಂತೆ, ಎರಕ ಹೊಯ್ಯಿಸಿದರು. ಅದರ ನಾಲಗೆಯನ್ನು ಸರಪಳಿಯಿಂದ ಕಟ್ಟಿ ಊರೂರಿಗೂ ಮೆರವಣಿಗೆ ಮಾಡಿದರು. ೧೯೨೦ರಲ್ಲಿ ಮತಾಧಿಕಾರ ದೊರೆತ ಮೇಲೆಯೇ ಸರಪಳಿಯನ್ನು ಕಳಚಿ, ಸ್ವಾತಂತ್ರ್ಯ ಮಂದಿರದ ಬಳಿಯಲ್ಲಿ ಅದನ್ನು ಬಾರಿಸಿದ್ದು. ಬಿರಿದ ಗಂಟೆ ಬಾಯಿಬಿಡದಿದ್ದರೂ ಅದರ ಮೇಲಿನ ಬರಹವನ್ನು ಜನ ಓದುತ್ತ ಹೋದರು.

ಈ ಗಂಟೆಯ ಮಂಟಪದ ಬಾಗಿಲ ಮುಂದೆಯೇ ಇನ್ನೊಂದು ಸ್ಥಳವಿದೆ. ೧೭೯೦ರಿಂದ ೧೮೦೦ರ ವರೆಗೆ ಫಿಲಡೆಲ್ಫಿಯವೇ ರಾಷ್ಟ್ರದ ರಾಜಧಾನಿಯಾಗಿತ್ತು; ಅಧ್ಯಕ್ಷ ವಾಷಿಂಗ್ಟನ್ನನ ಮನೆ ಇಲ್ಲಿತ್ತು. ಆ ಮನೆಯಲ್ಲಿ ಒಂಬತ್ತು ಮಂದಿ ಗುಲಾಮರಿದ್ದರು. ಪ್ರಾಂತದ ೧೭೮೦ರ ಶಾಸನದ ಪ್ರಕಾರ, ಹೊರಗಿನಿಂದ ಕರೆತಂದ ಗುಲಾಮನು ಆರು ತಿಂಗಳು ಇಲ್ಲಿ ನೆಲಸಿದರೆ ಬಿಡುಗಡೆಯನ್ನು ಕೇಳಬಹುದಾಗಿತ್ತು. ಆದುದರಿಂದ ಆರು ತಿಂಗಳು ತುಂಬುವುದರೊಳಗೆ ಅವರನ್ನು ಪ್ರಾಂತದ ಹೊರಕ್ಕೆ ಕಳುಹಿಸಿ ಮತ್ತೆ ಕರೆಸಿಕೊಳ್ಳುತ್ತಿದ್ದರು. ೧೭೯೬ರ ಮೇ ತಿಂಗಳಲ್ಲಿ ಒಂದು ಸಂಜೆ, ಯಜಮಾನರು ಊಟಕ್ಕೆ ಕುಳಿತಿದ್ದಾಗ, ಓನಿ ಜಡ್ಜ್ ಎಂಬ ಇಪ್ಪತ್ತರ ಸುಮಾರಿನ ದಾಸಿಯು ಮನೆಯಿಂದ ಹೊರಬಿದ್ದು, ಹಡಗು ಹತ್ತಿ ನ್ಯೂ ಹ್ಯಾಂಪ್‌ಷೈರಿಗೆ ಹೋದಳು. ಹಿಡಿದು ತರಿಸಲು ಮಾಡಿದ ಪ್ರಯತ್ನಗಳು ಸಫಲವಾಗಲಿಲ್ಲ. ೧೮೪೮ರಲ್ಲಿ ಸಾಯುವ ವರೆಗೂ ಕಾನೂನಿನ ದೃಷ್ಟಿಯಲ್ಲಿ ಆಕೆ ಗುಲಾಮಳೇ. ತನ್ನ ದೃಷ್ಟಿಯಲ್ಲಿ ಸ್ವತಂತ್ರಳು. ಆ ಮನೆ ೧೮೩೨ರಲ್ಲಿ ನೆಲಸಮವಾಯಿತು. ಊರಿನ ಜನ, ಅದರಲ್ಲಿಯೂ ನೀಗ್ರೊ ಸಮಾಜದವರು, ವರ್ಷಗಟ್ಟಲೆ ಒತ್ತಾಯ ಮಾಡಿದ ಮೇಲೆ, ೨೦೧೦ರಲ್ಲಿ ಆ ಜಾಗದಲ್ಲಿ ಒಂದು ಸ್ಮಾರಕವನ್ನು ತೆರೆದು, ಒಂಬತ್ತು ಹೆಸರುಗಳನ್ನೂ ಕಲ್ಲಿನಲ್ಲಿ ಕೊರೆಸಿದರು.

ಅಲ್ಲಿಂದ ಆರನೆಯ ಬೀದಿಯಲ್ಲಿ ದಕ್ಷಿಣಕ್ಕೆ ನಡೆದರೆ ಮದರ್ ಬೆತೆಲ್ ಎಂಬ ಚರ್ಚು ಸಿಗುತ್ತದೆ. ಗುಲಾಮನಾಗಿ ಹುಟ್ಟಿ, ದುಡಿದು ತನ್ನ ಬಿಡುಗಡೆಯನ್ನು ತಾನೇ ಕೊಂಡುಕೊಂಡ ರಿಚರ್ಡ್ ಅಲೆನ್ ಇದರ ಸ್ಥಾಪಕನು. ಬಿಳಿಯರ ಚರ್ಚಿನಲ್ಲಿ ಪ್ರಾರ್ಥನೆಗೆ ಮೊಣಕಾಲೂರಿದ್ದ ತಮ್ಮವರನ್ನು ಹಿಡಿದೆಬ್ಬಿಸಿದ ಮೇಲೆ, ಅವನೂ ಅವನ ಸಂಗಡಿಗರೂ ಒಟ್ಟಾಗಿ ಎದ್ದು ಹೊರಟುಬಂದರು. ೧೭೯೪ರಲ್ಲಿ, ತಾವೇ ಕೊಂಡ ನೆಲದಲ್ಲಿ, ತಮ್ಮದೇ ಚರ್ಚನ್ನು ತೆರೆದರು. ಈಗಿನ ಕಟ್ಟಡ ಹತ್ತೊಂಬತ್ತನೆಯ ಶತಮಾನದ ಕೊನೆಯದು. ನೆಲಮಾಳಿಗೆಯಲ್ಲಿ ಅಲೆನ್ನನ ಸಮಾಧಿಯಿದೆ. ಊರಿನ ಹೆಸರು ಸೋದರಪ್ರೇಮವೆಂದ ಮಾತ್ರಕ್ಕೆ ಎಲ್ಲವೂ ಸುಗಮವಾಗಿತ್ತೆಂದು ಭಾವಿಸಬಾರದು. ೧೮೩೮ರ ಮೇ ತಿಂಗಳಲ್ಲಿ ಗುಲಾಮಗಿರಿಯ ವಿರೋಧಿಗಳು ಕಟ್ಟಿಸಿದ ಸಭಾಭವನವನ್ನು, ತೆರೆದ ನಾಲ್ಕು ದಿನಗಳೊಳಗೆ ಊರಿನ ಗುಂಪೊಂದು ಸುಟ್ಟುಹಾಕಿತು. ಆದರೂ ೧೮೪೯ರಲ್ಲಿ ಹೆನ್ರಿ ಬ್ರೌನ್ ಎಂಬ ಗುಲಾಮನು ತನ್ನನ್ನು ಒಂದು ಮರದ ಪೆಟ್ಟಿಗೆಯಲ್ಲಿ ಮುಚ್ಚಿಸಿಕೊಂಡು, ಸರಕಿನಂತೆ ರಿಚ್‌ಮಂಡಿನಿಂದ ಒಂದು ದಿನಕ್ಕೂ ಹೆಚ್ಚು ಕಾಲ ಪಯಣಿಸಿ ಬಂದದ್ದು ಈ ಊರಿಗೇ. ಪೆಟ್ಟಿಗೆಯನ್ನು ಬಿಚ್ಚಿ ಅವನನ್ನು ಎತ್ತಿಕೊಂಡವರೂ ಈ ಊರಿನವರೇ.

ಇಷ್ಟು ಹೊತ್ತಿಗೆ ನಡುಹಗಲಾಗಿ ಹಸಿವಾಗಿರಬೇಕು. ೧೮೯೩ರಲ್ಲಿ ರೈಲು ನಿಲ್ದಾಣದ ಅಡಿಯಲ್ಲಿ ಏರ್ಪಟ್ಟ ರೀಡಿಂಗ್ ಟರ್ಮಿನಲ್ ಮಾರುಕಟ್ಟೆಗೆ ಹೋಗಬಹುದು. ಊರಿನ ಪ್ರಖ್ಯಾತ ತಿಂಡಿಯಲ್ಲಿ ಗೋಮಾಂಸವಿರುವುದರಿಂದ ನಮ್ಮಲ್ಲಿ ಅನೇಕರಿಗೆ ಅದು ಸಲ್ಲದು. ಚಿಂತೆಯಿಲ್ಲ, ಹುರಿಯಂತೆ ಹೊಸೆದು, ಗಂಟುಹಾಕಿ, ಮೇಲೆ ಕಲ್ಲುಪ್ಪು ಉದುರಿಸಿ ಬೇಯಿಸಿದ ಪ್ರೆಟ್ಜೆಲ್ ಎಂಬ ರೊಟ್ಟಿಯುಂಟು. ಬಿಸಿಯಾಗಿದ್ದಾಗ ಬಹಳ ರುಚಿ.

ಮಾರುಕಟ್ಟೆಯಿಂದ ಸ್ವಲ್ಪ ನಡೆದರೆ ಪೆನ್ನನ ನಕ್ಷೆಯ ನಡುಚೌಕ, ಅಲ್ಲಿ ಪುರಭವನ. ೧೮೭೧ರಿಂದ ೧೯೦೧ರ ವರೆಗೆ ಮೂವತ್ತು ವರ್ಷ ಕಟ್ಟಿದ ಕಲ್ಲಿನ ಪರ್ವತ ಇದು. ಎತ್ತರ ೫೪೮ ಅಡಿ. ತುದಿಯಲ್ಲಿ ೩೭ ಅಡಿಯ ಕಂಚಿನ ಪೆನ್. ಅವನ ಟೋಪಿಗಿಂತ ಎತ್ತರವಾಗಿ ಯಾರೂ ಕಟ್ಟಬಾರದೆಂಬ ಬರೆಯದ ಕಟ್ಟಳೆಯನ್ನು ಊರು ೧೯೮೭ರ ವರೆಗೂ ಪಾಲಿಸಿತು. ಅವನ ಕಾಲಡಿಯ ಮೊಗಸಾಲೆಗೆ ಏರಿದರೆ ಎರಡು ನದಿಗಳೂ ಕಾಣುತ್ತವೆ. ಪೆನ್ ಈಶಾನ್ಯಕ್ಕೆ ಮುಖಮಾಡಿ ನಿಂತಿದ್ದಾನೆ. ಆ ನೆಲದ ಮೂಲನಿವಾಸಿಗಳಾದ ಲೆನಾಪೆ ಜನರೊಡನೆ ಅವನು ಸ್ನೇಹದ ಒಪ್ಪಂದ ಮಾಡಿಕೊಂಡನೆಂದು ಹೇಳುವ ಸ್ಥಳ ಆ ಕಡೆಗಿದೆ. ತಂದೆ ಕೊಟ್ಟ ಭಾಷೆಯನ್ನು ಮಕ್ಕಳು ಉಳಿಸಲಿಲ್ಲ. ಒಬ್ಬ ಮನುಷ್ಯನು ಒಂದೂವರೆ ದಿನದಲ್ಲಿ ನಡೆಯುವಷ್ಟು ನೆಲ ತಮ್ಮದೆಂದು ಹಳೆಯ ಪತ್ರವೊಂದನ್ನು ಅವರು ೧೭೩೭ರಲ್ಲಿ ಮುಂದಿಟ್ಟರು. ಲೆನಾಪೆಯವರು ಸಹಜವಾದ ನಡಿಗೆಯೆಂದು ನಂಬಿ ಒಪ್ಪಿದರು. ಪೆನ್ನನ ಮಕ್ಕಳಾದರೋ ಮೊದಲೇ ಕಾಡಿನಲ್ಲಿ ದಾರಿ ಕಡಿಸಿ, ಚುರುಕು ಕಾಲಿನ ಮೂವರನ್ನು ಗೊತ್ತುಮಾಡಿ ಓಡಿಸಿದರು. ಒಬ್ಬನು ಅರುವತ್ತು ಮೈಲಿಯಷ್ಟು ಹೋದನು. ಆ ಜನ ನೆಲವನ್ನು ಬಿಟ್ಟು ಹೊರಟುಹೋಗಬೇಕಾಯಿತು. ಪೆನ್ನನ ಕಂಚಿನ ಮುಖ ಇನ್ನೂ ಅತ್ತಲೇ ನೋಡುತ್ತಿದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ವಾಯವ್ಯಕ್ಕೆ ಸಾಗಿ, ಕೋಟೆಯಂಥ ಗೋಡೆಗಳ ಹಳೆಯ ಸೆರೆಮನೆಯನ್ನು ನೋಡಬೇಕು. ಈಸ್ಟರ್ನ್ ಸ್ಟೇಟ್ ಪೆನಿಟೆನ್ಷಿಯರಿ ಎಂದು ಇದರ ಹೆಸರು, ೧೮೨೯ರಲ್ಲಿ ತೆರೆದದ್ದು. ಚಾಟಿಯೇಟು, ನೇಣುಗಂಬಗಳಿಗೆ ಬದಲಾಗಿ ಪಶ್ಚಾತ್ತಾಪದಿಂದ ಮನುಷ್ಯನನ್ನು ತಿದ್ದಬೇಕೆಂಬ ಸದುದ್ದೇಶವುಳ್ಳ ಸಜ್ಜನರು ಇದನ್ನು ಕಲ್ಪಿಸಿದರು. ಚಕ್ರದ ಅರೆಕಾಲುಗಳಂತೆ ಹರಡಿದ ಸಾಲುಗಳು. ಒಬ್ಬೊಬ್ಬನಿಗೆ ಒಂದೊಂದು ಕೋಣೆ. ಸೂರಿನಲ್ಲಿ ಬೆಳಕಿಗೆ ಒಂದು ಗವಾಕ್ಷಿ. ಆದರೆ ಕೈದಿಯು ಇನ್ನೊಬ್ಬ ಕೈದಿಯ ಮುಖವನ್ನು ಕಾಣುವಂತಿಲ್ಲ, ಮಾತಾಡುವಂತಿಲ್ಲ. ಹೊರಗೆ ಕರೆದೊಯ್ಯುವಾಗ ತಲೆಗೆ ಮುಸುಕು. ೧೮೪೨ರಲ್ಲಿ ಇದನ್ನು ನೋಡಿದ ಡಿಕನ್ಸನು, ದೇಹಕ್ಕೆ ಕೊಡುವ ಹಿಂಸೆಗಿಂತ ಇದು ಘೋರವೆಂದು ಖಂಡಿಸಿ ಬರೆದನು. ೧೯೧೩ರಲ್ಲಿ ಏಕಾಂತದ ಪದ್ಧತಿಯನ್ನು ಕೈಬಿಟ್ಟರು. ೧೯೭೧ರಲ್ಲಿ ಸೆರೆಮನೆಯನ್ನೇ ಮುಚ್ಚಿದರು. ಗಾರೆ ಉದುರಿದ ಆ ಕೋಣೆಗಳಲ್ಲಿ ಒಂದರೊಳಗೆ ಹೋಗಿ ನಿಂತಾಗ, ಒಳ್ಳೆಯವರ ನಿಶ್ಚಯಕ್ಕೂ ಅಂಕು ಬೇಕೆಂದು ನಮಗೆ ತೋರಿತು.

ಇದೇ ಉತ್ತರಭಾಗದಲ್ಲಿ, ೧೮೫೦ರಲ್ಲಿ ಸ್ಥಾಪಿತವಾದ ಸ್ತ್ರೀಯರ ವೈದ್ಯ ಕಾಲೇಜು ಬಹುಕಾಲ ನಡೆಯಿತು. ಕಲ್ಯಾಣದಲ್ಲಿ ಹುಟ್ಟಿದ ಆನಂದೀಬಾಯಿ ಜೋಶಿಯವರು ಸಮುದ್ರ ದಾಟಿ ಬಂದು ೧೮೮೬ರಲ್ಲಿ ವೈದ್ಯ ಪದವಿಯನ್ನು ಪಡೆದದ್ದು ಈ ಕಾಲೇಜಿನಲ್ಲಿ. ಆಗ ಅವರಿಗೆ ಇಪ್ಪತ್ತೊಂದು ವರ್ಷ ತುಂಬಿರಲಿಲ್ಲ. ಮರುವರ್ಷವೇ ಸ್ವದೇಶದಲ್ಲಿ ಕ್ಷಯದಿಂದ ತೀರಿಕೊಂಡರು. ನಮ್ಮ ಮಹಿಳೆಯರು ಈ ಊರಿಗೆ ಹೋದಾಗ ಅವರನ್ನು ನೆನೆಯಬೇಕು.

ಕೊನೆಗೆ ಸ್ಕೂಲ್‌ಕಿಲ್ ನದಿಯ ಮೇಲಣ ದಿಣ್ಣೆಯಲ್ಲಿ, ಗ್ರೀಕ್ ದೇವಾಲಯದಂತೆ ನಿಂತಿರುವ ಕಲಾ ಸಂಗ್ರಹಾಲಯ. ೧೯೭೬ರ ಒಂದು ಚಲಚ್ಚಿತ್ರದಲ್ಲಿ ಮುಷ್ಟಿಮಲ್ಲನೊಬ್ಬನು ಇದರ ಮೆಟ್ಟಿಲುಗಳನ್ನು ಓಡಿ ಹತ್ತಿದನೆಂದು, ಬಂದವರೆಲ್ಲ ಓಡಿ ಹತ್ತುತ್ತಾರೆ. ನಾವು ನಮ್ಮ ವಯಸ್ಸಿಗೆ ತಕ್ಕಂತೆ ಹತ್ತಿದೆವು. ಒಳಗೆ ಚಿತ್ರಶಾಲೆಗಳನ್ನು ದಾಟಿ ಒಂದು ಬಾಗಿಲನ್ನು ಹೊಕ್ಕೊಡನೆ ನಮ್ಮ ಕಾಲುಗಳು ತಾವಾಗಿಯೇ ನಿಂತುವು. ಎದುರಿಗೆ ನಮ್ಮ ದೇವಸ್ಥಾನದ ಮಂಟಪ! ಕಗ್ಗಲ್ಲಿನ ಕಂಬಗಳು, ಯಾಳಿಗಳು, ದೇವತೆಗಳು, ವೀರರು. ಮಧುರೆಯ ಮದನಗೋಪಾಲಸ್ವಾಮಿಯ ಗುಡಿಗೆ ಸೇರಿದ, ಸುಮಾರು ೧೫೬೦ರ ಕೆಲಸ. ಮಧುರೆಯ ನಾಯಕರು ವಿಜಯನಗರದ ಅರಸರ ಕೈಕೆಳಗೆ ಆಳುತ್ತಿದ್ದ ಕಾಲದ್ದು. ಗುಡಿಯ ಆವರಣದಲ್ಲಿ ಬಿಚ್ಚಿ ರಾಶಿಹಾಕಿದ್ದ ಈ ಕಲ್ಲುಗಳನ್ನು ಅಡಲೈನ್ ಪೆಪ್ಪರ್ ಗಿಬ್ಸನ್ ಎಂಬ ಈ ಊರಿನ ಮಹಿಳೆ ೧೯೧೨ರಲ್ಲಿ ಕೊಂಡು ಸಾಗಿಸಿದರು. ಮಹಾಯುದ್ಧದಲ್ಲಿ ಫ್ರಾನ್ಸಿನಲ್ಲಿ ಶುಶ್ರೂಷೆ ಮಾಡುತ್ತಿದ್ದು ಆಕೆ ೧೯೧೯ರಲ್ಲಿ ತೀರಿಕೊಂಡಾಗ, ಮನೆಯವರು ಆಕೆಯ ನೆನಪಿಗಾಗಿ ಇದನ್ನು ಸಂಗ್ರಹಾಲಯಕ್ಕೆ ಕೊಟ್ಟರು. ಹೂವಿಲ್ಲ, ದೀಪವಿಲ್ಲ, ಎಣ್ಣೆಯ ಜಿಡ್ಡಿಲ್ಲ. ಕಲ್ಲುಗಳು ಇಲ್ಲಿ ಕ್ಷೇಮವಾಗಿವೆಯೆಂದು ಒಂದು ಮನಸ್ಸು ಹೇಳಿದರೆ, ತವರಿನಿಂದ ದೂರವಾಗಿವೆಯೆಂದು ಇನ್ನೊಂದು ಮನಸ್ಸು ಹೇಳಿತು. ಪಕ್ಕದಲ್ಲಿ ಒಬ್ಬ ನೀಗ್ರೊ ಉಪಾಧ್ಯಾಯಿನಿ ಪುಟ್ಟ ಮಕ್ಕಳ ಸಾಲೊಂದನ್ನು ಕರೆತಂದಿದ್ದರು. ಒಂದು ಮಗು ಯಾಳಿಯನ್ನು ತೋರಿಸಿ ಏನೋ ಕೇಳಿತು. ಆಕೆ ಮೊಣಕಾಲೂರಿ ಕುಳಿತು, ಅವಸರವಿಲ್ಲದೆ ಉತ್ತರ ಹೇಳಿದರು. ನಾವು ನಮ್ಮ ತರಗತಿಯನ್ನು ನೆನೆದು ನಾಚಿಕೊಂಡೆವು.

ಕೇಳುಗರಲ್ಲಿ ಯಾರಾದರೂ ಆ ಊರಿಗೆ ಹೋಗುವುದಾದರೆ, ನಮ್ಮ ಸಲಹೆ ಇಷ್ಟೆ. ಒಂದೇ ದಿನವಿದ್ದರೆ ಸ್ವಾತಂತ್ರ್ಯ ಮಂದಿರ, ಗಂಟೆ, ವಾಷಿಂಗ್ಟನ್ನನ ಮನೆಯ ನಿವೇಶನ ಈ ಮೂರನ್ನು ಒಟ್ಟಿಗೆ ನೋಡಿ. ಒಂದನ್ನು ಬಿಟ್ಟು ಇನ್ನೊಂದನ್ನು ನೋಡಬೇಡಿ. ಮೂರೂ ಕೂಗಳತೆಯೊಳಗಿವೆ. ಎರಡನೆಯ ದಿನವಿದ್ದರೆ ಮದರ್ ಬೆತೆಲ್, ಸೆರೆಮನೆ, ಮಂಟಪ. ಕಾಲ್ನಡೆಯಲ್ಲಿಯೇ ಹೋಗಿ.

ಹಿಂದಿನ ಬೆಂಚಿನ ಆ ಹುಡುಗನು ಈಗ ದೊಡ್ಡವನಾಗಿ ಎಲ್ಲಿಯೋ ಸಂಸಾರ ಹೂಡಿರಬೇಕು. ಈ ಹೊತ್ತು ರೇಡಿಯೊವಿನ ಬಳಿ ಕುಳಿತಿದ್ದರೆ ಅವನಿಗೆ ನಮ್ಮ ಉತ್ತರ ಇದು: ಅಪ್ಪಾ, ಬರೆದವರ ಮನಸ್ಸಿನಲ್ಲಿ ಎಲ್ಲರೂ ಎಂದರೆ ಬಹಳ ಕಡಮೆ ಜನ. ಆದರೆ ಅವರು ‘ಕೆಲವರು’ ಎಂದು ಬರೆಯಲಿಲ್ಲ. ‘ಎಲ್ಲರೂ’ ಎಂದು ಬರೆದುಬಿಟ್ಟರು. ಓನಿ ಜಡ್ಜ್, ರಿಚರ್ಡ್ ಅಲೆನ್, ಸರಪಳಿ ಕಟ್ಟಿದ ಗಂಟೆಯ ಹೆಂಗಸರು ಒಬ್ಬೊಬ್ಬರಾಗಿ ಮುಂದೆ ಬಂದು, ‘ಹಾಗಾದರೆ ನಾನೂ’ ಎಂದರು. ಲೆನಾಪೆಯವರ ನೆಲ ಮಾತ್ರ ಹಿಂದಕ್ಕೆ ಬರಲಿಲ್ಲ. ಪಟ್ಟಿ ಇನ್ನೂ ಮುಗಿದಿಲ್ಲ. ನಿನ್ನ ಪ್ರಶ್ನೆಗೆ ಅಂದು ನಕ್ಕದ್ದು ನಮ್ಮ ತಪ್ಪು. ಆ ಮಾತನ್ನು ಇನ್ನೊಮ್ಮೆ ಯಾರಾದರೂ ಧ್ವನಿಯೇರಿಸಿ ಓದಿದರೆ, ಎದ್ದುನಿಂತು ಮತ್ತೆ ಕೇಳು.